ಮಾಡಿದವರು ಒಬ್ಬರು, ತಂದವರು ಇನ್ನೊಬ್ಬರು

ನನ್ನ ವಾಟ್ಸಾಪಿಗೆ ಬರುವ ಫೋಟೋಗಳಲ್ಲಿ ಒಂದು ಬಗೆಯವನ್ನು ತೆರೆಯುವ ಮುಂಚೆಯೇ ಗುರುತಿಸಬಲ್ಲೆ. ಕಂಪ್ಯೂಟರಿನ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದಿರುತ್ತಾರೆ, ಓಡುತ್ತಿರುವ ತಂತ್ರಾಂಶಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿರುತ್ತದೆ, ಒಂದು ಸಾಲಿನ ಸುತ್ತ ಕೆಂಪು ಗೆರೆ. ಕೆಳಗೆ "ಸರ್, ಇದೇನದ? ತೆಗೀಲೇನ್ರಿ?" ಕಳಿಸುವವರು ಕಲಬುರಗಿಯ ಜೆರಾಕ್ಸ್ ಅಂಗಡಿಯವರಿರಬಹುದು, ಶಹಾಬಾದಿನ ಮಾಸ್ತರರಿರಬಹುದು, ಸೇಡಂ ಕಡೆಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗನಿರಬಹುದು. ಎರಡು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಮೊದಲನೆಯದರ ಉತ್ತರ ಬೇಕಾಗಿಯೇ ಇಲ್ಲ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ನಾನು ಉತ್ತರ ಟೈಪ್ ಮಾಡಿ ಮುಗಿಸುವಷ್ಟರಲ್ಲಿ "ತೆಗ್ದೆ ರೀ, ಈಗ ಪ್ರಿಂಟ್ ಬರವಲ್ದು" ಅಂತ ಇನ್ನೊಂದು ಮೆಸೇಜು ಬಂದಿರುತ್ತದೆ.

ಹೆಸರು ಗೊತ್ತಿಲ್ಲದ್ದೆಲ್ಲ ವೈರಸ್ಸು ಅನ್ನುವ ಈ ಅವಸರಕ್ಕೆ ಕಾರಣವಿಲ್ಲದೆ ಇಲ್ಲ. ಪೆನ್‌ಡ್ರೈವ್ ಹಾಕಿದರೆ ಸಾಕು ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತಿದ್ದ ಕಾಲವನ್ನು ನಾವೆಲ್ಲ ಕಂಡವರು. ಫೋಲ್ಡರಿನ ಚಿತ್ರ ಹೊತ್ತ 'ನ್ಯೂ ಫೋಲ್ಡರ್.ಎಕ್ಸ್‌ಇ' ಮೇಲೆ ಡಬಲ್ ಕ್ಲಿಕ್ ಮಾಡಿ ಕೆಟ್ಟವರು ಊರ ತುಂಬ ಇದ್ದರು. ವಿಂಡೋಸು ತಾನಾಗಿಯೇ ಎಕ್ಸ್‌ಟೆನ್ಷನ್ ಮುಚ್ಚಿಡುವುದರಿಂದ, ಇದು ಓಡುವ ಪ್ರೋಗ್ರಾಂ ಅಂತ ಹೇಳುವ ಬಾಲದ 'ಎಕ್ಸ್‌ಇ' ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಅನುಮಾನ ತಪ್ಪಲ್ಲ. ಆದರೆ ಅನುಮಾನ ಬಂದ ಮೇಲೆ ವಿಚಾರಿಸಬೇಕು, ಆ ವಿಚಾರಿಸುವ ಕ್ರಮವೇ ನಮ್ಮಲ್ಲಿ ಬೆಳೆದಿಲ್ಲ.

ಎಲ್ಲಾ ಸಿಸ್ಟಮ್‌ನ್ಯಾಗೂ ಅದ!

2001ರ ಬೇಸಿಗೆ. ಕಲಬುರಗಿ ಆಗಿನ್ನೂ ಅಧಿಕೃತವಾಗಿ ಗುಲ್ಬರ್ಗ. ಸ್ಟೇಷನ್ ಕಡೆಯ ಒಂದು ಸೈಬರ್ ಕೆಫೆಯಲ್ಲಿ ಪ್ಲೈವುಡ್ಡಿನ ಗೂಡುಗಳು, ಒಳಗೆ ವಿಂಡೋಸ್ 98ರ ಕಂಪ್ಯೂಟರುಗಳು, ಮೇಲೆ ಬಿಸಿ ಗಾಳಿಯನ್ನೇ ಸುತ್ತಿಸುತ್ತಿದ್ದ ಫ್ಯಾನು. ಮಾಲಕರಿಗೆ ಪರಿಚಯದವರೊಬ್ಬರಿಂದ ಒಂದು ಮೇಲ್ ಬಂದಿತ್ತು. ನಿಮ್ಮ ಕಂಪ್ಯೂಟರಿನಲ್ಲಿ ಸಲ್ಫ್‌ಎನ್‌ಬಿಕೆ.ಎಕ್ಸ್‌ಇ ಎಂಬ ಫೈಲು ಇದೆಯೇ ಹುಡುಕಿ, ಇದ್ದರೆ ಕೂಡಲೇ ಅಳಿಸಿ, ಜೂನ್ 1ಕ್ಕೆ ಅದು ಎಚ್ಚೆತ್ತು ಎಲ್ಲವನ್ನೂ ನುಂಗುತ್ತದೆ, ಆಂಟಿವೈರಸ್ಸಿಗೂ ಅದು ಸಿಗುವುದಿಲ್ಲ, ಈ ಸುದ್ದಿಯನ್ನು ನಿಮಗೆ ಗೊತ್ತಿದ್ದವರಿಗೆಲ್ಲ ಕಳಿಸಿ. ಮಾಲಕರು ಹೆಸರನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು ಗೂಡಿನಿಂದ ಗೂಡಿಗೆ ಹೊರಟರು. ಗಿರಾಕಿಗಳನ್ನು "ಎರಡ್ ಮಿನಿಟ್ ಏಳ್ರಿ" ಅಂತ ಎಬ್ಬಿಸಿ, ಸ್ಟಾರ್ಟ್ ಒತ್ತಿ, ಫೈಂಡಿಗೆ ಹೋಗಿ ಟೈಪ್ ಮಾಡುವುದು. ಮೊದಲ ಕಂಪ್ಯೂಟರಿನಲ್ಲಿ ಸಿಕ್ಕಿತು. ಎರಡನೆಯದರಲ್ಲೂ ಸಿಕ್ಕಿತು. ಸಿಗುತ್ತ ಹೋದಂತೆ ಅವರ ದನಿ ಏರುತ್ತ ಹೋಯಿತು. "ಎಲ್ಲಾ ಸಿಸ್ಟಮ್‌ನ್ಯಾಗೂ ಅದ ನೋಡ್ರಿ! ಒಂದೂ ಬಿಟ್ಟಿಲ್ಲ!"

ನಾನು ಆಗ ವಿದ್ಯಾರ್ಥಿ, ನನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಆ ಮಧ್ಯಾಹ್ನದ ತರ್ಕ ಇವತ್ತಿಗೂ ನನಗೆ ಬೆರಗು. ಎಲ್ಲ ಕಂಪ್ಯೂಟರಿನಲ್ಲೂ ಇದೆ ಅನ್ನುವುದು ಆ ಫೈಲಿನ ನಿರಪರಾಧಕ್ಕೆ ಸಾಕ್ಷಿಯಾಗಬೇಕಿತ್ತು. ಅಲ್ಲಿ ಅದೇ ಅಪರಾಧದ ಸಾಕ್ಷಿಯಾಯಿತು. ಅದು ವಿಂಡೋಸ್ 98ರ ಜೊತೆಗೇ ಬರುತ್ತಿದ್ದ ಫೈಲು. ಉದ್ದನೆಯ ಫೈಲ್ ಹೆಸರುಗಳನ್ನು ಉಳಿಸಿಟ್ಟು ಮರಳಿ ಕೂಡಿಸುವ ಸಣ್ಣ ಉಪಕರಣ, ವಿಂಡೋಸಿನ 'ಕಮಾಂಡ್' ಫೋಲ್ಡರಿನಲ್ಲಿ ತನ್ನ ಪಾಡಿಗೆ ತಾನು ಇರುತ್ತಿತ್ತು. ನಿಜವಾದ ವೈರಸ್ಸು ಅಂದರೆ ಆ ಇ-ಮೇಲೇ. ಅದನ್ನು ಹರಡುವ, ಫೈಲು ಅಳಿಸುವ ಎರಡೂ ಕೆಲಸವನ್ನು ಮನುಷ್ಯರ ಕೈಯಿಂದಲೇ ಮಾಡಿಸಿದ ವೈರಸ್ಸು. ಮರುವರ್ಷ, 2002ರಲ್ಲಿ, ಜೆಡಿಬಿಜಿಎಂಜಿಆರ್.ಎಕ್ಸ್‌ಇ ಹೆಸರಿನಲ್ಲಿ ಇನ್ನೊಂದು ಮೇಲ್ ಓಡಾಡಿತು. ಅದು ಮೈಕ್ರೋಸಾಫ್ಟಿನದೇ ಜಾವಾ ಡೀಬಗ್ಗಿಂಗಿಗೆ ಸಂಬಂಧಪಟ್ಟ ಫೈಲು, ಆದರೆ ಅದರ ಐಕಾನು ಬೂದು ಬಣ್ಣದ ಕರಡಿ ಮರಿ. ಸಿಸ್ಟಮ್ ಫೈಲಿಗೆ ಆಟಿಕೆ ಕರಡಿಯ ಚಿತ್ರ ಯಾಕಿರಬೇಕು, ಇದು ಯಾರದೋ ಕಿಡಿಗೇಡಿತನ ಅಂತ ಜನ ನಂಬಿಬಿಟ್ಟರು. ಆ ಐಕಾನು ಇಟ್ಟ ಇಂಜಿನಿಯರರಿಗೆ ಹೀಗಾಗುತ್ತದೆ ಅಂತ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ.

ಹೆಸರು, ವಿಳಾಸ

ಫೈಲಿನ ಹೆಸರು ಅದರ ಬಗ್ಗೆ ನಮಗೆ ಮೊದಲು ಕಾಣುವ ಸಂಗತಿ, ಅತಿ ಕಡಿಮೆ ನಂಬಬೇಕಾದ ಸಂಗತಿಯೂ ಅದೇ. ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು. ವಿಂಡೋಸಿನಲ್ಲಿ ಲಾಗಿನ್, ಪಾಸ್‌ವರ್ಡ್ ನೋಡಿಕೊಳ್ಳುವ ಎಲ್‌ಸ್ಯಾಸ್.ಎಕ್ಸ್‌ಇ ಇದೆ. ಅದರ ಮೊದಲಿನ ಸಣ್ಣ 'ಎಲ್' ತೆಗೆದು ದೊಡ್ಡ 'ಐ' ಹಾಕಿದರೆ ಹಲವು ಅಕ್ಷರಶೈಲಿಗಳಲ್ಲಿ ಎರಡೂ ಒಂದೇ ಕಡ್ಡಿಯಂತೆ ಕಾಣುತ್ತವೆ, ಹಾಗೆ ಮಾಡಿ ಒಳಬಂದ ಕಳ್ಳರೂ ಇದ್ದಾರೆ. 2004ರಲ್ಲಿ ಸ್ಯಾಸರ್ ಹುಳು ಬಂದು ಕಂಪ್ಯೂಟರುಗಳು ಅರವತ್ತು ಸೆಕೆಂಡು ಎಣಿಸಿ ತಾವೇ ಬಂದ್ ಆಗತೊಡಗಿದಾಗ ಪರದೆಯ ಮೇಲೆ ಕಂಡ ಹೆಸರು ಅಸಲಿ ಎಲ್‌ಸ್ಯಾಸಿನದು. ಪಾಪ, ಪೆಟ್ಟು ತಿಂದದ್ದು ಅದು, ಜನ ಅನುಮಾನಿಸಿದ್ದೂ ಅದನ್ನೇ.

ಎಸ್‌ವಿಸಿಹೋಸ್ಟ್.ಎಕ್ಸ್‌ಇ ಕಥೆ ಇನ್ನೂ ಮಜಾ. ನನಗೆ ಬರುವ ಕೆಂಪು ಗೆರೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ. "ಇಷ್ಟಾಕೊಂದ್ ಕಾಪಿ ಯಾಕ ಓಡ್ಲಾಕತ್ತಾವ್ರಿ, ಮರಿ ಹಾಕ್ಯದೇನು?" ಅಂತ ಒಬ್ಬರು ಕೇಳಿದ್ದರು. ಅದಕ್ಕೆ ಸ್ವಂತದ್ದೆಂಬ ಕೆಲಸವಿಲ್ಲ. ಡಿಎಲ್‌ಎಲ್ (ತಾನೇ ಓಡಲಾರದ, ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಫೈಲು) ರೂಪದಲ್ಲಿರುವ ವಿಂಡೋಸ್ ಸರ್ವಿಸುಗಳನ್ನು, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳನ್ನು, ತನ್ನ ಹೊಟ್ಟೆಯಲ್ಲಿ ಹಾಕಿಕೊಂಡು ಓಡಿಸುವುದೇ ಅದರ ಕೆಲಸ. ಹಿಂದೆ ಹತ್ತಾರು ಸರ್ವಿಸುಗಳು ಒಂದೇ ಪ್ರತಿಯೊಳಗೆ ಇರುತ್ತಿದ್ದವು. 2017ರ ವಿಂಡೋಸ್ 10 ಅಪ್‌ಡೇಟಿನಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ ಬಹುಪಾಲು ಸರ್ವಿಸುಗಳಿಗೆ ಒಂದೊಂದು ಪ್ರತಿ. ಹೊಸ ರ‍್ಯಾಮ್ ಹಾಕಿಸಿದ ಮೇಲೆ "ವೈರಸ್" ಹೆಚ್ಚಾಯಿತು ಅಂತ ದೂರುವವರಿಗೆ ಅರ್ಧ ಉತ್ತರ ಇದು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಒತ್ತಿದರೆ ವಿಳಾಸ ಸಿಗುತ್ತದೆ. ವಿಂಡೋಸಿನ ಸಿಸ್ಟಮ್32 ಫೋಲ್ಡರು ತೆರೆದರೆ ಬಹುಮಟ್ಟಿಗೆ ನೆಮ್ಮದಿ. ಅದೇ ಹೆಸರಿನದು ಆ್ಯಪ್‌ಡೇಟಾದಲ್ಲೋ ಟೆಂಪ್ ಫೋಲ್ಡರಿನಲ್ಲೋ ಕೂತಿದ್ದರೆ ಚಿಂತಿಸಬೇಕು. (ಹುಡುಕಲು ಹೊರಟವರಿಗೆ ಒಂದು ಮಾತು: 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಒಳಗೆ 64 ಬಿಟ್ಟಿನ ಫೈಲುಗಳಿರುತ್ತವೆ, ಸಿಸ್‌ವಾವ್64 ಒಳಗೆ 32 ಬಿಟ್ಟಿನವು. ಅದಲುಬದಲಾದದ್ದಲ್ಲ, ಹಳೆಯ ತಂತ್ರಾಂಶಗಳು ಕೆಡಬಾರದು ಅಂತ ಬೇಕೆಂದೇ ಹಾಗೆ ಇಟ್ಟಿದ್ದಾರೆ. ಇದನ್ನು ಯಾರಿಗಾದರೂ ವಿವರಿಸಲು ಹೋದಾಗಲೆಲ್ಲ ನನ್ನ ಮರ್ಯಾದೆ ಸ್ವಲ್ಪ ಕಡಿಮೆಯಾಗಿದೆ.)

ಹೆಸರಿನಿಂದ ತಯಾರಕರು ಗೊತ್ತಾಗದ ಒಂದು ಸಾಧು ಉದಾಹರಣೆ ಫಾಂಟ್ಸ್ ಫೋಲ್ಡರಿನಲ್ಲಿದೆ. ತುಂಗಾ.ಟಿಟಿಎಫ್ ನೋಡಿದರೆ ನಮ್ಮವರೇ ಯಾರೋ ಹಾಕಿದ್ದು ಅನ್ನಿಸುತ್ತದೆ. ಅದು ಎಕ್ಸ್‌ಪಿ ಕಾಲದಿಂದ ಬಂದ ಮೈಕ್ರೋಸಾಫ್ಟಿನ ಕನ್ನಡ ಫಾಂಟು. ತೆಲುಗಿನದು ಗೌತಮಿ, ತಮಿಳಿನದು ಲತಾ. ವಿಂಡೋಸ್ 8ರಿಂದ ನಮ್ಮ ಲಿಪಿಗಳ ಹೊರೆಯನ್ನು ಹೊತ್ತದ್ದು ನಿರ್ಮಲಾ. ಜಾಗ ಉಳಿಸಲೆಂದು "ಈ ಹೆಣ್ಮಕ್ಕಳ ಹೆಸರಿನ ಫೈಲು" ಅಳಿಸಲು ಹೊರಟವರನ್ನು ತಡೆದಿದ್ದೇನೆ.

ಆಪಲ್‌ದು ನಮ್ ಅಂಗಡ್ಯಾಗ ಏನ್ ಕೆಲಸ?

ಇಷ್ಟೆಲ್ಲ ಗೊತ್ತಿದ್ದರೂ 'ಈ ಫೈಲು ಯಾರದು' ಅನ್ನುವ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ ಅನ್ನುವುದು ನನಗೆ ಸ್ಪಷ್ಟವಾದದ್ದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಮಾಲಕರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಲಗ್ನಪತ್ರಿಕೆ, ಬ್ಯಾನರು, ಶ್ರದ್ಧಾಂಜಲಿ ಕಾರ್ಡು ಅವರ ಮುಖ್ಯ ಕೆಲಸ. ಅದರ ಜೊತೆಗೆ 371ಜೆ ಸರ್ಟಿಫಿಕೇಟಿನ ಅರ್ಜಿ, ಜಾತಿ ಆದಾಯ, ಪಹಣಿ. ಅವರ ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಕಂಪ್ಯೂಟರ್ ಸ್ವಚ್ಛ ಮಾಡುವ ಹುಮ್ಮಸ್ಸು ಬಹಳ. ಅವತ್ತು ಅವನು ಹಿಡಿದಿದ್ದು ಎಂಡಿಎನ್‌ಎಸ್‌ರೆಸ್ಪಾಂಡರ್.ಎಕ್ಸ್‌ಇ ಎಂಬುದನ್ನು. ಸರ್ವಿಸುಗಳ ಪಟ್ಟಿಯಲ್ಲಿ ಅದರ ಹೆಸರು ಎರಡೆರಡು ಹ್ಯಾಶ್ ಚಿಹ್ನೆಗಳ ನಡುವೆ ಒಂದು ಉದ್ದನೆಯ ಅಂಕಿ-ಅಕ್ಷರಗಳ ಸರಮಾಲೆಯಾಗಿತ್ತು. ಇದಕ್ಕಿಂತ ಕಳ್ಳನ ಮುಖ ಇನ್ನೊಂದಿರಲಾರದು. ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ನೋಡಿದರೆ ಕಂಪನಿಯ ಹೆಸರು ಆಪಲ್.

"ಆಪಲ್‌ದು ನಮ್ ಅಂಗಡ್ಯಾಗ ಏನ್ ಕೆಲಸದಪ ತಮ್ಮಾ?" ಅಂದರು ಕಾಕಾ. "ಒಂದು ಐಫೋನ್ ಸುದ್ದಾ ಯಾರ ಹಂತೇಲೂ ಇಲ್ಲ."

ನ್ಯಾಯವಾದ ಪ್ರಶ್ನೆ. ಅದು ಬೊಂಜೂರ್ ಎಂಬ ಸರ್ವಿಸು, ಒಂದೇ ನೆಟ್‌ವರ್ಕಿನಲ್ಲಿರುವ ಪ್ರಿಂಟರು, ಕಂಪ್ಯೂಟರು ಪರಸ್ಪರ ಗುರುತು ಹಿಡಿಯಲು ಆಪಲ್ ಮಾಡಿದ್ದು. ಮಾಡಿದವರು ಗೊತ್ತಾದರು. ತಂದವರು? ಫೋಲ್ಡರಿನ ಪಟ್ಟಿಯಲ್ಲಿ 'ಡೇಟ್ ಕ್ರಿಯೇಟೆಡ್' ಅನ್ನುವ ಕಾಲಮ್ಮನ್ನು ತೋರಿಸುವಂತೆ ಮಾಡಿದೆವು. ಸಾಮಾನ್ಯವಾಗಿ ಕಾಣುವ 'ಡೇಟ್ ಮಾಡಿಫೈಡ್' ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಅದು ಹೆಚ್ಚಾಗಿ ತಯಾರಕರ ಕಡೆ ಆ ಫೈಲು ಸಿದ್ಧವಾದ ದಿನ. ಕ್ರಿಯೇಟೆಡ್ ಅಂದರೆ ಈ ಕಂಪ್ಯೂಟರಿನ ಡಿಸ್ಕಿಗೆ ಅದು ಕಾಲಿಟ್ಟ ಹೊತ್ತು. ಆ ದಿನ, ಆ ಗಂಟೆ ಹಿಡಿದು ಪ್ರೋಗ್ರಾಂ ಫೈಲ್ಸಿನಲ್ಲಿ ಹುಡುಕಿದರೆ ಅದೇ ಹೊತ್ತಿಗೆ ಬಂದ ಇನ್ನೊಂದು ದೊಡ್ಡ ಫೋಲ್ಡರು ಸಿಕ್ಕಿತು: ಅಡೋಬಿಯದು. 2007ರ ಫೋಟೋಶಾಪ್ ಸಿಎಸ್3. ತನ್ನದೊಂದು ಸೌಲಭ್ಯಕ್ಕಾಗಿ ಅಡೋಬಿ ಬೊಂಜೂರನ್ನು ಜೊತೆಗೆ ಕರೆತಂದಿತ್ತು. ಆ ವಿಚಿತ್ರ ಸರಮಾಲೆಯೂ ಅದರ ಇನ್‌ಸ್ಟಾಲರಿನದೇ ಕೊಡುಗೆ, ಹೆಸರು ಬರಬೇಕಾದ ಜಾಗದಲ್ಲಿ ಹೆಸರಿನ ಸಂಕೇತ ಮಾತ್ರ ಉಳಿದುಬಿಟ್ಟಿತ್ತು.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಅಪರಿಚಿತ ಮುಖ ಕಂಡರೆ ಹೆಸರು ಕೇಳಿ ಏನೂ ಪ್ರಯೋಜನವಿಲ್ಲ, ಯಾರ ಕಡೆಯವರು, ಯಾರ ಜೊತೆ ಬಂದಿರಿ ಅಂತಲೇ ಕೇಳಬೇಕು. ಕಾಕಾನಿಗೆ ಇದನ್ನು ಹೇಳಿದಾಗ ಅವರು ತಕ್ಷಣ ಹಿಡಿದರು: "ಅಂದ್ರ ಫೋಟೋಶಾಪ್ ಬೀಗರು ಬರೋ ಮುಂದ ಇದ್ಕೂ ಕರ್ಕೊಂಡ್ ಬಂದಾರ." ಹುಡುಗ ಮಾತ್ರ ಅಳಿಸುವ ಆಸೆ ಬಿಟ್ಟಿರಲಿಲ್ಲ. ಬೊಂಜೂರಿನ ಒಂದು ಡಿಎಲ್‌ಎಲ್ ವಿಂಡೋಸಿನ ನೆಟ್‌ವರ್ಕ್ ವ್ಯವಸ್ಥೆಯೊಳಗೆ ತನ್ನನ್ನು ಹೆಣೆದುಕೊಂಡಿರುತ್ತದೆ, ನೇರವಾಗಿ ಕಿತ್ತರೆ ಇಂಟರ್ನೆಟ್ಟೇ ಹೋಗಬಹುದು ಅಂದ ಮೇಲೆ ಸುಮ್ಮನಾದ.

ಅಲ್ಲಿಂದ ಮುಂದೆ ನಾವು ಆ ಕಂಪ್ಯೂಟರನ್ನು ಸುಮ್ಮನೆ ಓದುತ್ತ ಕೂತೆವು. ಹಲವು ಫೋಲ್ಡರುಗಳಲ್ಲಿ ಅನ್‌ಇನ್ಸ್000.ಎಕ್ಸ್‌ಇ ಎಂಬ ಒಂದೇ ಹೆಸರಿನ ಫೈಲು. ಇನ್ನೋ ಸೆಟಪ್ ಎಂಬ ಉಪಕರಣದಿಂದ ಇನ್‌ಸ್ಟಾಲರು ಕಟ್ಟಿದ ತಂತ್ರಾಂಶಗಳೆಲ್ಲ ಅದನ್ನು ಬಿಟ್ಟುಹೋಗುತ್ತವೆ, ಅದು ಆಯಾ ಫೋಲ್ಡರಿನ ತಂತ್ರಾಂಶವನ್ನು ತೆಗೆಯುವ ಕೀಲಿ. ವಿಸಿರನ್‌ಟೈಮ್140.ಡಿಎಲ್‌ಎಲ್ ಮಾಡಿದ್ದು ಮೈಕ್ರೋಸಾಫ್ಟು, ಬೇಕಾದದ್ದು ಬೇರೆ ಹತ್ತಾರು ತಂತ್ರಾಂಶಗಳಿಗೆ. ತಂದವರು ಹೊರಟುಹೋದರೂ ಬಳಸುವವರು ಉಳಿದಿರಬಹುದು. ಕಮಾಂಡ್ ಪ್ರಾಂಪ್ಟಿನಲ್ಲಿ ಟಾಸ್ಕ್‌ಲಿಸ್ಟ್ ಆಜ್ಞೆಗೆ /ಎಂ ಸೇರಿಸಿ ಡಿಎಲ್‌ಎಲ್ ಹೆಸರು ಕೊಟ್ಟರೆ ಈ ಕ್ಷಣ ಅದನ್ನು ಯಾರು ಹಿಡಿದುಕೊಂಡಿದ್ದಾರೆ ಅಂತ ಪಟ್ಟಿ ಬರುತ್ತದೆ. ಬೆರಳು ಒತ್ತಿ ರೊಕ್ಕ ತೆಗೆಯುವ ಆಧಾರ್ ಯಂತ್ರಕ್ಕೆಂದು ಹಾಕಿದ ಆರ್‌ಡಿ ಸರ್ವಿಸು ಹಗಲೂ ರಾತ್ರಿ 11100ನೇ ಪೋರ್ಟಿನಲ್ಲಿ (ತಂತ್ರಾಂಶಗಳು ಮಾತಾಡಿಕೊಳ್ಳುವ ಬಾಗಿಲಿನ ನಂಬರು) ಕಿವಿಯಿಟ್ಟು ಕೂತಿತ್ತು. ಹೊರಗಿನಿಂದ ನೋಡಿದರೆ ಬೇಹುಗಾರನ ಲಕ್ಷಣವೇ; ಬ್ರೌಸರು ಬೆರಳಚ್ಚು ಕೇಳಿದಾಗ ಉತ್ತರ ಕೊಡಲು ಅದಕ್ಕೆ ಹಾಗೆಯೇ ಕೂರಬೇಕಾಗುತ್ತದೆ, 11100ರಿಂದ 11120ರ ನಡುವಿನ ಪೋರ್ಟುಗಳು ಅದಕ್ಕೆಂದೇ ಗೊತ್ತುಮಾಡಿದವು. ಸಿಸ್ಟಮ್32ರಲ್ಲಿ ಇಪಿಎಸ್2003ಸಿಎಸ್‌ಪಿ11.ಡಿಎಲ್‌ಎಲ್ ಸಿಕ್ಕಿತು. ಇಪಾಸ್2003 ಎಂಬ ಯುಎಸ್‌ಬಿ ಟೋಕನ್ನಿನದು, ಡಿಜಿಟಲ್ ಸಹಿಗೆ ಬಳಸುವ ಆ ಟೋಕನ್ ಮಾಡುವವರು ಫೈಟಿಯಾನ್ ಕಂಪನಿ. ತಾರೀಖು ಓದಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಮೇಲೆ ನೋಡಿ, "ಆಳಂದ ಕಾಂಟ್ರಾಕ್ಟರ್ ಬಂದಿದ್ರಲ್ಲ, ಟೆಂಡರ್ ಹಾಕ್ಲಿಕ್ಕ? ರಾತ್ರಿ ತನಕಾ ಕುಂತಿದ್ರು" ಅಂದರು. ಯಾವ ಆಂಟಿವೈರಸ್ಸೂ ಕೊಡಲಾರದ ಉತ್ತರ ಅದು. ಆ ಕಾಂಟ್ರಾಕ್ಟರು ಮಾರ್ಚಿನಲ್ಲಿ ಮತ್ತೆ ಬರುತ್ತಾರೆ ಅಂತ ಆ ಫೈಲನ್ನು ಮುಟ್ಟಲಿಲ್ಲ.

ಸಹಿ ಇದ್ದರೂ, ಇಲ್ಲದಿದ್ದರೂ

ಓದಿದವರು ಫೈಲಿನ ಮೇಲೆ ತಯಾರಕರು ಹಾಕಿದ ಡಿಜಿಟಲ್ ಸಹಿ ನೋಡಿ ಅನ್ನುತ್ತಾರೆ. ನೋಡಬೇಕು. ಆದರೆ ಎರಡು ಕಡೆ ಎಡವುತ್ತೀರಿ. ಪ್ರಾಪರ್ಟೀಸಿನಲ್ಲಿ ಸಹಿಯ ಟ್ಯಾಬು ಇಲ್ಲದಿದ್ದರೆ ಫೈಲು ಖೋಟಾ ಅಂತಲ್ಲ. ನೋಟ್‌ಪ್ಯಾಡಿನಂಥ ವಿಂಡೋಸಿನ ಎಷ್ಟೋ ಸ್ವಂತ ಫೈಲುಗಳ ಸಹಿ ಫೈಲಿನೊಳಗೆ ಇರುವುದಿಲ್ಲ, ಕ್ಯಾಟ್‌ರೂಟ್ ಫೋಲ್ಡರಿನ ಕ್ಯಾಟಲಾಗುಗಳಲ್ಲಿ ಒಟ್ಟಿಗೆ ಇರುತ್ತದೆ. ಸಿಸ್‌ಇಂಟರ್ನಲ್ಸ್‌ನ ಸಿಗ್‌ಚೆಕ್ ಅಥವಾ ಪ್ರೋಸೆಸ್ ಎಕ್ಸ್‌ಪ್ಲೋರರ್ ಅದನ್ನೂ ತಾಳೆ ನೋಡಿ ಹೇಳುತ್ತವೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಈ ಉಪಕರಣಗಳು 2006ರಿಂದ ಮೈಕ್ರೋಸಾಫ್ಟಿನ ಪಾಲಿಗೆ ಬಂದಿವೆ, ಪುಕ್ಕಟೆ ಸಿಗುತ್ತವೆ. ಇನ್ನು ಸಹಿ ಇದ್ದ ಮಾತ್ರಕ್ಕೆ ಸಾಚಾ ಅಂತಲೂ ಇಲ್ಲ: 2010ರಲ್ಲಿ ಬಯಲಾದ ಹುಳು ಸ್ಟಕ್ಸ್‌ನೆಟ್‌ನ ಡ್ರೈವರುಗಳ ಮೇಲೆ ರಿಯಲ್‌ಟೆಕ್, ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಪ್ರಮಾಣಪತ್ರದ ಅಸಲಿ ಸಹಿಗಳೇ ಇದ್ದವು. ಆದರೆ ಅಂಥ ಕಳ್ಳರಿಗೆ ಇರಾನಿನ ಅಣು ಘಟಕದ ಮೇಲೆ ಕಣ್ಣು. ಲಗ್ನಪತ್ರಿಕೆ ಅಂಗಡಿಯಲ್ಲಿ ಸಹಿ, ವಿಳಾಸ, ತಾರೀಖು ಮೂರೂ ಒಂದೇ ಕಥೆ ಹೇಳಿದರೆ ನಾನು ಅಷ್ಟಕ್ಕೆ ಬಿಡುತ್ತೇನೆ.

ಬೀದರಿನ ಗೆಳೆಯನೊಬ್ಬ ವಿಂಡೋಸ್ ಬಿಟ್ಟು ಲಿನಕ್ಸಿನ ಉಬುಂಟು ಬಳಸುವವನು. ಇದನ್ನೆಲ್ಲ ಹೇಳಿದರೆ ನಗುತ್ತಾನೆ. ಅವನು ಡಿಪಿಕೆಜಿ -ಎಸ್ (ದೊಡ್ಡ ಎಸ್) ಅಂತ ಬರೆದು ಫೈಲಿನ ದಾರಿ ಕೊಟ್ಟರೆ ಅದು ಯಾವ ಪ್ಯಾಕೇಜಿನದು ಅಂತ ಕ್ಷಣದಲ್ಲಿ ಉತ್ತರ. ಲಿನಕ್ಸಿನದೇ ಇನ್ನೊಂದು ಬಗೆಯಾದ ಫೆಡೋರಾದವರಿಗೆ ಆರ್‌ಪಿಎಂ -ಕ್ಯೂಎಫ್. ಯಾರು ಏನು ತಂದರು ಅಂತ ಅಲ್ಲಿ ದಫ್ತರ ಇಟ್ಟಿರುತ್ತಾರೆ. ವಿಂಡೋಸಿನಲ್ಲಿ ಎಂಎಸ್‌ಐ (ಮೈಕ್ರೋಸಾಫ್ಟಿನದೇ ಇನ್‌ಸ್ಟಾಲರ್ ಬಗೆ) ಮೂಲಕ ಬಂದವಕ್ಕೆ ವಿಂಡೋಸಿನ ಒಳಲೆಕ್ಕದ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಒಂದು ಲೆಕ್ಕವಿದೆ, ಉಳಿದ ಇನ್‌ಸ್ಟಾಲರುಗಳು ತಮ್ಮ ತಮ್ಮ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ, ಇಲ್ಲವೇ ಇಡುವುದೇ ಇಲ್ಲ. ಎಲ್ಲರಿಗೂ ಸೇರಿ ಒಂದು ದಫ್ತರ ಇಷ್ಟು ವರ್ಷವಾದರೂ ಬರಲಿಲ್ಲ ಅನ್ನುವುದು ನನ್ನ ದೊಡ್ಡ ತಕರಾರು. ಗೆಳೆಯನಿಗೂ ಒಂದು ಕುಟುಕಬೇಕು: ಅವನು ಕೈಯಾರೆ ಕಂಪೈಲ್ ಮಾಡಿ ಯುಎಸ್‌ಆರ್ ಲೋಕಲ್‌ನಲ್ಲಿ ಇಟ್ಟದ್ದರ ಬಗ್ಗೆ ಕೇಳಿದರೆ ಡಿಪಿಕೆಜಿಯೂ ಗೊತ್ತಿಲ್ಲ ಅಂತ ಕೈ ಚೆಲ್ಲುತ್ತದೆ.

ಗೂಗಲ್ಲಿಗೆ ಕೊಡುವ ಮುಂಚೆ

ಕೊನೆಗೆ ಎಲ್ಲರೂ ಮಾಡುವುದು ಹೆಸರನ್ನು ಹುಡುಕಾಟಕ್ಕೆ ಹಾಕುವುದು. ಹೆಸರನ್ನೇ ನಂಬಬಾರದು ಅಂದ ಮೇಲೆ ಹೆಸರಿನ ಹುಡುಕಾಟವನ್ನು ಎಷ್ಟು ನಂಬಬೇಕು? ಅಲ್ಲಿ ಸಿಗುವ ಪುಟಗಳಲ್ಲಿ ಬಹಳಷ್ಟರದ್ದು ಒಂದೇ ರಾಗ: ಈ ಫೈಲು ಅಪಾಯಕಾರಿಯಿರಬಹುದು, ನಮ್ಮ ಕ್ಲೀನರು ಇಳಿಸಿಕೊಳ್ಳಿ. ಇನ್ನು ಡಿಎಲ್‌ಎಲ್ ಕಾಣೆಯಾಗಿದೆ ಅಂತ ಸಂದೇಶ ಬಂದಾಗ ಬಿಡಿ ಡಿಎಲ್‌ಎಲ್ ಹಂಚುವ ತಾಣಗಳಿಗೆ ಹೋಗುವುದು, ಯಾರು ಮಾಡಿದರು ಯಾರು ತಂದರು ಎರಡೂ ಗೊತ್ತಿಲ್ಲದವರನ್ನು ನಾವೇ ಕೈಹಿಡಿದು ಕರೆತಂದಂತೆ. ವಿಸಿರನ್‌ಟೈಮ್ ಬೇಕಿದ್ದರೆ ಮೈಕ್ರೋಸಾಫ್ಟಿನ ವಿಷುಯಲ್ ಸಿ++ ಪ್ಯಾಕೇಜನ್ನೇ ಹಾಕಿಕೊಳ್ಳಬೇಕು.

ಹೆಸರಿಗಿಂತ ಹ್ಯಾಶ್ ವಾಸಿ. ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಬರುವ 64 ಅಕ್ಷರಗಳ ಎಸ್‌ಎಚ್‌ಎ-256, ಒಂದು ಬಿಟ್ ಬದಲಾದರೂ ಪೂರ್ತಿ ಬೇರೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆ ಅದನ್ನು ತೆಗೆದುಕೊಡುತ್ತದೆ. ಆ ಹ್ಯಾಶನ್ನು ವೈರಸ್‌ಟೋಟಲ್ ಎಂಬ ತಾಣದಲ್ಲಿ ಹುಡುಕಿದರೆ, ಮೊದಲೇ ಯಾರಾದರೂ ಅದನ್ನು ಪರೀಕ್ಷೆಗೆ ಕೊಟ್ಟಿದ್ದರೆ, ಹಲವಾರು ಆಂಟಿವೈರಸ್ಸುಗಳ ಅಭಿಪ್ರಾಯ, ಸಹಿ, ಅದಕ್ಕಿರುವ ಬೇರೆ ಬೇರೆ ಹೆಸರುಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ಫೈಲನ್ನೇ ಅಲ್ಲಿಗೆ ಏರಿಸಲು ಮಾತ್ರ ನಾನು ಅಂಗಡಿಯವರಿಗೆ ಬಿಡುವುದಿಲ್ಲ. ಏರಿಸಿದ್ದು ಭದ್ರತಾ ಕಂಪನಿಗಳ, ಸಂಶೋಧಕರ ಕೈಗೂ ಸಿಗುತ್ತದೆ. ಡಿಎಲ್‌ಎಲ್ ಆದರೆ ನಡೆದೀತು, ಗಿರಾಕಿಯ ಆಧಾರ್ ಇರುವ ಪಿಡಿಎಫ್ ಆದರೆ?

ಸರ್ಟ್‌ಯುಟಿಲ್‌ನ ಆ ಒಂದು ಸಾಲನ್ನು ಟೈಪ್ ಮಾಡಿ ಮಾನಿಟರಿನ ಪಕ್ಕ ಅಂಟಿಸು ಅಂತ ಕಾಕಾನ ಹುಡುಗನಿಗೆ ಹೇಳಿದ್ದೆ. ಮುಂದಿನ ಸಲ ಹೋದಾಗ ಅಂಟಿಸಿದ್ದ, ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ಟೈಪ್ ಮಾಡುವಾಗ ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶ ಆಫ್ ಮಾಡಿರಲಿಲ್ಲ. ಇಡೀ ಆಜ್ಞೆ ಅರ್ಥವಿಲ್ಲದ ಕನ್ನಡ ಅಕ್ಷರಗಳಲ್ಲಿ ದಪ್ಪಗೆ ಅಚ್ಚಾಗಿತ್ತು. ಗಿರಾಕಿಯೊಬ್ಬರು ಅದನ್ನು ಓದಲು ಹೆಣಗಿ, ಇದು ಯಾವ ಮಂತ್ರ ಅಂತ ಕಾಕಾನನ್ನು ಕೇಳಿದರಂತೆ. "ವೈರಸ್ ಬರಬಾರ್ದಂತ ಹಾಕೀವ್ರಿ" ಅಂದಿದ್ದಾರೆ ಕಾಕಾ.